ಕಲಬುರಗಿಯಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ ಶುರು ಮಾಡುವವರು ಯಾವ ಪುಸ್ತಕ ಓದಬೇಕು?

ಒಂದೇ ಪುಸ್ತಕ ಅಂದರೆ ಫ್ರೆಡ್ ಬ್ರೂಕ್ಸ್ ಅವರ ‘ದಿ ಮಿಥಿಕಲ್ ಮ್ಯಾನ್-ಮಂತ್’. 1975ರದ್ದು, ಹಳೇ ಐಬಿಎಂ ಯಂತ್ರಗಳ ವಿವರ ಬಂದಲ್ಲಿ ಪುಟ ಹಾರಿಸಿದರೂ ನಡೆಯುತ್ತದೆ. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎನ್ನುವುದು ಅದರ ತಿರುಳು. ಐದು ಜನರಿದ್ದರೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿ 10, ಎಂಟಾದರೆ 28. ಹೊಸಬರಿಗೆ ಕಲಿಸಲು ಹಳಬರ ಸಮಯವೂ ಹೋಗುತ್ತದೆ.

ಬ್ರೂಕ್ಸ್ ಅವರ ವೇಳೆಯ ಲೆಕ್ಕವನ್ನಂತೂ ಗೋಡೆಗೆ ಅಂಟಿಸಿಕೊಳ್ಳಿ. ಗಂಜಿನ (ಸಗಟು ಮಾರುಕಟ್ಟೆಯ) ತೊಗರಿ ಅಡತಿಗೆ 12 ವಾರದಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡಬೇಕೆಂದರೆ ಯೋಜನೆಗೆ 4 ವಾರ, ಕೋಡ್ ಬರೆಯಲು ಬರೀ 2, ಬಿಡಿಭಾಗಗಳ ಪರೀಕ್ಷೆಗೆ 3, ಎಲ್ಲ ಜೋಡಿಸಿ ಪರೀಕ್ಷಿಸಲು 3. ಬಹಳಷ್ಟು ಜನ ಈ ಕೊನೆಯ ಮೂರು ವಾರಗಳನ್ನೇ ನುಂಗಿಹಾಕುತ್ತಾರೆ. ಜನವರಿಯಲ್ಲಿ ಆವಕ ಏರಿ, ಹಮಾಲಿ ಕಡಿತ ಎರಡೆರಡು ಸಲ ಬಿದ್ದ ಪಟ್ಟಿ ರೈತರ ಕೈಗೆ ಹೋದಾಗ ಎಚ್ಚರವಾಗುತ್ತದೆ.

ಬದುಕಿನ ವಿಷಯಕ್ಕೆ ಮ್ಯಾನೇಜ್‌ಮೆಂಟ್ ಪುಸ್ತಕ ಬೇಡ, ವಚನ ಸಂಪುಟ ಸಾಕು; ಬಸವಕಲ್ಯಾಣ ಪಕ್ಕದಲ್ಲೇ ಇದೆಯಲ್ಲ! ಆಯ್ದಕ್ಕಿ ಲಕ್ಕಮ್ಮನಿಂದ ಶುರು ಮಾಡಿ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದಾಕೆ. ನಾಲ್ಕು ಜನರ ತಂಡ ಇನ್ನೊಂದು ಆರ್ಡರ್ ಒಪ್ಪಿಕೊಳ್ಳುವ ಮುನ್ನ ಅವಳ ವಚನಗಳನ್ನು ಓದಲಿ.