‘ರಕ್ತದಲ್ಲಿ ಬೆಳೆದ ಸಭೆ’ ಕಳಿಸಿದ ಲೇಖಕರಿಗೆ

ನಮಸ್ಕಾರ. ಆದಿ ಕ್ರೈಸ್ತ ಸಭೆಯ ಬೆಳವಣಿಗೆ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾರೆವು. ನಿಮ್ಮ ಗದ್ಯ ಸರಾಗವಾಗಿದೆ, ಕೊರತೆ ಇರುವುದು ವಿಷಯದಲ್ಲಿ.

‘ಕ್ರೈಸ್ತರ ರಕ್ತವೇ ಬೀಜ’, ಅಂದರೆ ಕೊಂದಷ್ಟೂ ಸಭೆ ಬೆಳೆಯುತ್ತದೆ, ಎಂಬ ಆದಿ ಕ್ರೈಸ್ತ ಲೇಖಕ ತೆರ್ತುಲಿಯನನ ಮಾತಿನ ಮೇಲೆ ಇಡೀ ಲೇಖನ ನಿಂತಿದೆ. ಆ ಮಾತು ಬರುವುದು ಕ್ರಿ.ಶ. 197ರ ಸುಮಾರಿಗೆ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದಲ್ಲಿ ಅವನು ಬರೆದ ಸಮರ್ಥನ ಗ್ರಂಥದ ಕೊನೆಯ, 50ನೇ ಅಧ್ಯಾಯದಲ್ಲಿ. ದಯವಿಟ್ಟು ಅದೇ ಗ್ರಂಥದ 39ನೇ ಅಧ್ಯಾಯ ಓದಿ. ತಿಂಗಳಿಗೊಮ್ಮೆ ಜನ ಕೈಲಾದಷ್ಟು ಕಾಣಿಕೆ ಹಾಕುತ್ತಿದ್ದರು, ಬಲವಂತವಿರಲಿಲ್ಲ. ಆ ಹಣ ಬಡವರ ಊಟಕ್ಕೆ, ಶವಸಂಸ್ಕಾರಕ್ಕೆ, ತಬ್ಬಲಿ ಮಕ್ಕಳಿಗೆ, ಕೈಲಾಗದ ಮುದುಕರಿಗೆ, ಹಡಗು ಒಡೆದು ಎಲ್ಲ ಕಳೆದುಕೊಂಡವರಿಗೆ, ನಂಬಿಕೆಗಾಗಿ ಗಣಿಗೋ ಸೆರೆಮನೆಗೋ ಹೋದವರಿಗೆ ಸಲ್ಲುತ್ತಿತ್ತು. ಅರ್ಧ ಶತಮಾನದ ನಂತರ, 251ರ ಸುಮಾರಿಗೆ, ರೋಮಿನ ಬಿಷಪ್ ಕೊರ್ನೇಲಿಯ ತನ್ನ ಸಭೆಯ ಲೆಕ್ಕ ಕೊಡುತ್ತಾನೆ: 46 ಹಿರಿಯರು, 7 ಡೀಕನರು (ಸೇವಾ ಸಹಾಯಕರು), ಜೊತೆಗೆ ಸಭೆಯೇ ಸಾಕುತ್ತಿದ್ದ 1500ಕ್ಕೂ ಹೆಚ್ಚು ವಿಧವೆಯರು ಮತ್ತು ದಿಕ್ಕಿಲ್ಲದವರು. ಒಂದು ನಗರದಲ್ಲಿ ಇಷ್ಟು ಜನರಿಗೆ ಅನ್ನ ಕಾಣಿಸುವ ಸಂಸ್ಥೆ ಬೆಳೆಯದೆ ಇರುತ್ತದೆಯೇ? ನಿಮ್ಮ ಲೇಖನದಲ್ಲಿ ವಿಧವೆಯರ ಮಾತೇ ಇಲ್ಲ!

ಹಿಂಸೆಯ ಚಿತ್ರವೂ ತಪ್ಪಾಗಿದೆ. ಮುನ್ನೂರು ವರ್ಷ ಎಡೆಬಿಡದೆ ನಡೆಯಿತು ಎನ್ನುತ್ತೀರಿ. ಮೊದಲ ಎರಡು ಶತಮಾನಗಳಲ್ಲಿ ಅದು ಆಯಾ ಊರಿನ ದೂರು, ಗಲಭೆ, ಅಧಿಕಾರಿಯ ಮರ್ಜಿಯ ಮೇಲೆ ನಿಂತಿತ್ತು. 112ರ ಸುಮಾರಿಗೆ ಪ್ರಾಂತಾಧಿಕಾರಿ ಪ್ಲಿನಿಗೆ ಉತ್ತರ ಬರೆದ ಚಕ್ರವರ್ತಿ ಟ್ರಾಜನ್ ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರು ತೆಗೆದುಕೊಳ್ಳಬೇಡ ಎಂದ. ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂಬ ಆಜ್ಞೆ ಹೊರಟದ್ದು ಚಕ್ರವರ್ತಿ ಡೇಸಿಯಸ್ಸನ ಕಾಲದಲ್ಲಿ, 250ರ ಹೊತ್ತಿಗೆ. ಆಗ ಕಾರ್ಥೇಜಿನಲ್ಲೇ ಎಷ್ಟೋ ಕ್ರೈಸ್ತರು ತಾವಾಗಿ ಹೋಗಿ ಬಲಿ ಕೊಟ್ಟರೆಂದು ಬಿಷಪ್ ಸಿಪ್ರಿಯನ್ ನೊಂದು ಬರೆದಿದ್ದಾನೆ. ಹೀಗೆ ಜಾರಿದವರನ್ನು ಮತ್ತೆ ಹೇಗೆ ಸೇರಿಸಿಕೊಳ್ಳುವುದು ಎಂಬ ಜಗಳದಲ್ಲಿ ಸಭೆ ಒಡೆಯಿತು. ಇದನ್ನು ಮುಚ್ಚಿಡಬೇಡಿ, ನಿಮ್ಮ ಓದುಗರಿಗೆ ಹುತಾತ್ಮರ ಧೈರ್ಯ ಅರ್ಥವಾಗುವುದೂ ಇದರಿಂದಲೇ.

ರೋಮಿನ ನೆಲದಡಿಯ ಸುರಂಗಗಳು ಸ್ಮಶಾನಗಳು. ಅಲ್ಲಿ ಯಾರೂ ಸಂಸಾರ ಹೂಡಿ ಅಡಗಿರಲಿಲ್ಲ. ಜನ ಸೇರುತ್ತಿದ್ದದ್ದು ಮನೆಗಳಲ್ಲಿ. ಈಗಿನ ಸಿರಿಯಾದಲ್ಲಿ, ಯೂಫ್ರೆಟಿಸ್ ನದಿ ದಂಡೆಯ ದುರಾ ಯೂರೋಪಸ್ ಎಂಬ ಹಳೆಯ ಊರಿನಲ್ಲಿ ಅಂಥದೊಂದು ಮನೆ ಸಿಕ್ಕಿದೆ: ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಸುಮಾರು 13 ಮೀಟರ್ ಉದ್ದ, 5 ಮೀಟರ್ ಅಗಲದ ಹಜಾರ ಮಾಡಿದ್ದಾರೆ. ಮತ್ತೊಂದು ಚಿಕ್ಕ ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ, ಗೋಡೆಯ ಮೇಲೆ ಕುರುಬನ ಚಿತ್ರ. ಪರ್ಷಿಯದ ಸಸಾನಿಯರ ಮುತ್ತಿಗೆಗೆ ಹೆದರಿ ಕೋಟೆಗೋಡೆಗೆ ಒತ್ತಾಗಿ ಮಣ್ಣು ಪೇರಿಸಿದ್ದರಿಂದ ಅದು ಉಳಿಯಿತು. ನಿಮ್ಮ ಸುರಂಗದ ಎರಡು ಪುಟ ತೆಗೆದು ಇಲ್ಲಿಂದಲೇ ಶುರುಮಾಡಿ. ಹಿಂದೆಯೇ ಗ್ರೀಸಿನ ಕೊರಿಂಥದ ಸಭೆಯ ಊಟ ಬರಲಿ: ಉಳ್ಳವರು ಮೊದಲೇ ಉಂಡು ಕುಡಿದು, ಬಡವರು ಹಸಿದು ಕೂತದ್ದಕ್ಕೆ ಅಪೊಸ್ತಲ ಪೌಲ ಪತ್ರದಲ್ಲಿ ಗದರಿದ ಭಾಗ (1 ಕೊರಿಂಥ 11). ಮನೆಯಲ್ಲಿ ಸೇರುವುದರ ಅನುಕೂಲದ ಜೊತೆ ತೊಡಕೂ ಕಾಣುತ್ತದೆ.

ಕೊನೆಗೆ, 313ರಲ್ಲಿ ಕ್ರೈಸ್ತಧರ್ಮ ರಾಜಧರ್ಮವಾಯಿತು ಎಂಬ ಸಾಲು ಹೊಡೆದುಹಾಕಿ. ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಆಗ ಕೊಟ್ಟದ್ದು ಎಲ್ಲರಿಗೂ ಆರಾಧನೆಯ ಸ್ವಾತಂತ್ರ್ಯ, ಕ್ರೈಸ್ತರಿಗೆ ಅವರ ಜಪ್ತಿಯಾದ ಆಸ್ತಿ. ಪ್ರಜೆಗಳೆಲ್ಲ ನೈಸಿಯ ನಗರದ ಬಿಷಪರ ಸಮ್ಮೇಳನ ಒಪ್ಪಿದ ಕ್ರೈಸ್ತ ನಂಬಿಕೆ ಪಾಲಿಸಬೇಕೆಂಬ ಆಜ್ಞೆ ಚಕ್ರವರ್ತಿ ಥಿಯೊಡೋಸಿಯಸ್ಸನದು, 380ರದು. ಚಕ್ರವರ್ತಿ ನೀರೋನ ಹಿಂಸೆಯ ಭಾಗವನ್ನು ಒಂದು ಪ್ಯಾರಾಕ್ಕೆ ಇಳಿಸಿ, ಒಟ್ಟು 1500 ಪದ ಮೀರದಂತೆ ತಿದ್ದಿ ಕಳಿಸಿ.