ಓದುಗರ ಪ್ರಶ್ನೆ, ನಮ್ಮ ಉತ್ತರ: ದೇವರಾಯನದುರ್ಗದ ಕಾಡು ಮತ್ತು ಅದರ ಸುತ್ತಮುತ್ತ

ಪ್ರಶ್ನೆ: ವರ್ಷಕ್ಕೆ ಒಂದೆರಡು ಬಾರಿ ನಾವು ದೇವರಾಯನದುರ್ಗಕ್ಕೆ ಹೋಗಿ, ನರಸಿಂಹಸ್ವಾಮಿಯ ದರ್ಶನ ಮಾಡಿ, ನಾಮದ ಚಿಲುಮೆಯ ಬಳಿ ಬುತ್ತಿ ಬಿಚ್ಚಿ ಊಟ ಮುಗಿಸಿ ಬರುತ್ತೇವೆ. ಈಚೆಗೆ ಆಗುಂಬೆ ನೋಡಿ ಬಂದ ಮಕ್ಕಳು ‘ಇದೂ ಒಂದು ಕಾಡೇ?’ ಎಂದು ಕೇಳುತ್ತಿದ್ದಾರೆ. ಇಲ್ಲಿ ನೋಡುವಂಥದ್ದು ನಿಜವಾಗಿ ಏನಿದೆ, ಯಾವ ಕಾಲದಲ್ಲಿ ಹೋಗುವುದು ಒಳ್ಳೆಯದು?
– ಒಬ್ಬ ಓದುಗರು, ತುಮಕೂರು

ಉತ್ತರ: ಆಗುಂಬೆಯ ಅಳತೆಗೋಲು ಹಿಡಿದು ಹೊರಟರೆ ಬಯಲುಸೀಮೆಯ ಯಾವ ಕಾಡೂ ಮಕ್ಕಳ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ತುಮಕೂರಿನ ಕಡೆ ಬೀಳುವುದು ಅದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಇಷ್ಟು ನೀರಿನಲ್ಲಿ ಬದುಕಬೇಕಾದ ಮರಗಳು ಚಳಿಗಾಲ ಕಳೆಯುತ್ತಿದ್ದಂತೆ ಎಲೆ ಉದುರಿಸಿ, ಒಳಗಿನ ತೇವವನ್ನು ಉಳಿಸಿಕೊಂಡು, ಮುಂದಿನ ಮಳೆಯವರೆಗೆ ಕಾಯುತ್ತವೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ನಿಮಗೆ ಬೋಳಾಗಿ ಕಂಡ ಗುಡ್ಡ ಸತ್ತ ಗುಡ್ಡವಲ್ಲ. ಎಲೆಯೇ ಇಲ್ಲದ ಮುತ್ತುಗದ ಕೊಂಬೆಗಳಲ್ಲಿ ಕೆಂಡದ ಬಣ್ಣದ ಹೂವು ತುಂಬಿಕೊಳ್ಳುವುದು ಅದೇ ದಿನಗಳಲ್ಲಿ. ಆಗ ಒಂದು ಮುತ್ತುಗದ ಮರದ ಕೆಳಗೆ ಕಾಲು ಗಂಟೆ ನಿಂತರೂ ಸಾಕು, ಮಕರಂದಕ್ಕೆ ಬರುವ ಸೂರಕ್ಕಿಗಳನ್ನೂ ಮೈನಾಗಳನ್ನೂ ಮಕ್ಕಳು ತಾವೇ ಗುರುತಿಸುತ್ತಾರೆ.

ಹಸಿರೇ ಬೇಕೆನ್ನುವವರು ಆಗಸ್ಟ್‌ನಿಂದ ನವೆಂಬರ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳಬಹುದು. ಈ ಭಾಗಕ್ಕೆ ಮಳೆಯ ದೊಡ್ಡ ಪಾಲು ದೊರೆಯುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆಗ ಬಂಡೆಗಳ ಮೇಲಿನ ದೊಣೆಗಳಲ್ಲಿ ನೀರು ನಿಂತಿರುತ್ತದೆ. ಹಿಡಿ ಮಣ್ಣು ಕೂಡಿಕೊಂಡ ಕಡೆಯೆಲ್ಲ ಬೆರಳುದ್ದದ ಗಿಡಗಳು ಹೂ ಬಿಟ್ಟಿರುತ್ತವೆ. ಸುಮಾರು 1,200 ಮೀಟರ್ ಎತ್ತರದ ನೆತ್ತಿಯಲ್ಲಿ ಬೆಳಗಿನ ಹೊತ್ತು ಮಂಜು ಕವಿಯುವುದೂ ಉಂಟು.

ನನ್ನನ್ನು ಕೇಳಿದರೆ ಈ ಜಾಗದ ನಿಜವಾದ ಸೊತ್ತು ಮರಗಳಿಗಿಂತ ಹೆಚ್ಚಾಗಿ ಬಂಡೆಗಳು. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಕಾಡನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿರುವ ಈ ಹಕ್ಕಿಯನ್ನು ನೋಡಲು ದೂರದೂರದಿಂದ ಬರುವವರು ದೇವಸ್ಥಾನದ ದಾರಿಯ ಪಕ್ಕದಲ್ಲಿಯೇ ದುರ್ಬೀನು ಹಿಡಿದು ನಿಂತಿರುತ್ತಾರೆ. ಊರಿನವರಾದ ನಾವು ಅವರನ್ನು ದಾಟಿಕೊಂಡು ಕಾರು ನಿಲ್ಲಿಸಲು ಜಾಗ ಹುಡುಕುತ್ತಿರುತ್ತೇವೆ. ಸಾಮಾನ್ಯ ಪಿಕಳಾರದಂತೆ ಇದಕ್ಕೆ ಜುಟ್ಟಿಲ್ಲ. ತಲೆ ಮತ್ತು ಕೊರಳು ಹಳದಿ, ಮೈ ಬೂದು, ಬಾಲದ ತುದಿ ಮತ್ತೆ ಹಳದಿ. ಸಂಕೋಚದ ಹಕ್ಕಿಯಾದ್ದರಿಂದ ಗದ್ದಲವಿದ್ದರೆ ಪೊದೆಯಿಂದ ಹೊರಗೆ ಬಾರದು.

ಮಕ್ಕಳಿಗೆ ಹಕ್ಕಿಗಿಂತ ಬಂಡೆಯ ಓತಿ ಹೆಚ್ಚು ಹಿಡಿಸಬಹುದು. ಉಳಿದ ಕಾಲದಲ್ಲಿ ಕಲ್ಲಿನ ಬಣ್ಣವನ್ನೇ ಹೊದ್ದಿರುವ ಗಂಡು ಓತಿಯ ಬೆನ್ನು, ಸಂತಾನದ ಋತುವಿನಲ್ಲಿ ಇಟ್ಟಿಗೆಗೆಂಪಾಗಿ, ಪಕ್ಕೆಗಳು ಕಪ್ಪಾಗುತ್ತವೆ. ಎತ್ತರದ ಕಲ್ಲಿನ ತುದಿ ಹಿಡಿದು ಕುಳಿತು ಮುಂಗಾಲುಗಳನ್ನು ಮಡಿಸಿ ಚಾಚುತ್ತಾ, ತಲೆ ಕುಣಿಸುತ್ತಾ ತನ್ನ ಎಲ್ಲೆಯನ್ನು ಸಾರುತ್ತಿರುವ ಈ ಗಂಡಿನ ಎದುರಿಗೆ ಇನ್ನೊಂದು ಗಂಡು ಬಂದರೆ ಕೆಲವೇ ಕ್ಷಣಗಳಲ್ಲಿ ಅದರ ಮೈಬಣ್ಣ ಬದಲಾಗುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಇದಕ್ಕೆ ಬಿಸಿಲೇರಿದ ಹೊತ್ತೇ ಸರಿ. ಹಕ್ಕಿಗಳಿಗೆ ಮಾತ್ರ ಬೆಳಗಿನ ಏಳು ಗಂಟೆಯೊಳಗೆ ಅಲ್ಲಿರಬೇಕು. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಹೋದವರಿಗೆ ಸಿಗುವುದು ಕೋತಿಗಳು ಮಾತ್ರ. ಅವುಗಳಿಗೆ ದಯವಿಟ್ಟು ಏನನ್ನೂ ಕೊಡಬೇಡಿ; ಕೈಚೀಲ ಕಸಿಯುವ ಅಭ್ಯಾಸವನ್ನು ಅವುಗಳಿಗೆ ಕಲಿಸಿದವರು ಕಡಲೆಪುರಿ, ಬಾಳೆಹಣ್ಣು ಎಸೆದ ನಾವೇ.

ಬೆಟ್ಟದ ಮೇಲೆ ನಿಂತಾಗ ಮಕ್ಕಳಿಗೆ ಇನ್ನೊಂದು ಸಂಗತಿಯನ್ನು ತೋರಿಸಿ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಇಲ್ಲಿಯೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಬೆಟ್ಟಸಾಲಿನ ಮೇಲೆ ಬಿದ್ದ ಮಳೆಯಲ್ಲಿ ಒಂದಷ್ಟು ತಮಿಳುನಾಡಿನ ದಾರಿಯನ್ನೂ ಉಳಿದದ್ದು ಆಂಧ್ರದ ದಾರಿಯನ್ನೂ ಹಿಡಿಯುತ್ತದೆ. ಇಳಿಜಾರಿನ ಹುಲ್ಲು, ಪೊದೆ, ಉದುರಿದ ಎಲೆಗಳು ಮಳೆನೀರಿನ ಓಟವನ್ನು ತಡೆದು ನೆಲಕ್ಕೆ ಇಳಿಸುವುದರಿಂದಲೇ ಕೆಳಗಿನ ಊರುಗಳ ಕೆರೆ ಬಾವಿಗಳಿಗೆ ಒಂದಿಷ್ಟು ಒರತೆ ಉಳಿದಿದೆ. ಹಿಂದಿರುಗುವಾಗ ಊರ್ಡಿಗೆರೆಯ ಕಡೆ ಇಳಿದು ಯಾವುದಾದರೂ ಕೆರೆ ಏರಿಯ ಮೇಲೆ ಸ್ವಲ್ಪ ದೂರ ನಡೆದರೆ, ಕಾಡಿಗೂ ರಾಗಿ ಹೊಲಕ್ಕೂ ಇರುವ ಈ ಸಂಬಂಧವನ್ನು ಬಾಯಿಮಾತಿನಲ್ಲಿ ವಿವರಿಸಬೇಕಾಗುವುದಿಲ್ಲ.

ಪ್ರಶ್ನೆ: ಗೆಳೆಯರೊಂದಿಗೆ ಅಲ್ಲಿಯ ಕಾಡಿನೊಳಗೆ ಚಾರಣ ಮಾಡಿ, ರಾತ್ರಿ ಬಂಡೆಯ ಮೇಲೆ ಒಲೆ ಹೂಡಿ ಅಡುಗೆ ಮಾಡಿಕೊಳ್ಳಬೇಕೆಂದಿದ್ದೇವೆ. ಅನುಮತಿ ಬೇಕೇ?
– ಒಬ್ಬ ಓದುಗರು, ತಿಪಟೂರು

ಉತ್ತರ: ದೇವಸ್ಥಾನದ ರಸ್ತೆ, ಮೆಟ್ಟಿಲು ಮತ್ತು ನಾಮದ ಚಿಲುಮೆಯ ಆವರಣ ಎಲ್ಲರಿಗೂ ತೆರೆದಿವೆ. ಅದರಾಚೆಗಿನ ಕಾಡು ಕಾಯ್ದಿಟ್ಟ ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದರೊಳಗೆ ಹೋಗುವುದೂ ಬೆಂಕಿ ಹಚ್ಚುವುದೂ ಅಪರಾಧ. ಚಾರಣಕ್ಕೆ ತುಮಕೂರಿನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಒಲೆಯ ಯೋಚನೆಯನ್ನು ಪೂರ್ತಿಯಾಗಿ ಕೈಬಿಡಿ. ಜನವರಿಯಿಂದ ಏಪ್ರಿಲ್‌ವರೆಗೆ ಮೊಣಕಾಲೆತ್ತರದ ಒಣಹುಲ್ಲು ಒಂದು ಕಿಡಿಗೆ ಕಾಯುತ್ತಿರುತ್ತದೆ. ಒಳಗೆ ಹಬ್ಬಿರುವ ಲಂಟಾನದ ಪೊದೆಗಳಿಗೆ ಉರಿ ತಾಗಿದರೆ ನೆಲದ ಬೆಂಕಿ ಮರದೆತ್ತರಕ್ಕೆ ಏರುತ್ತದೆ. ವಿಚಿತ್ರವೆಂದರೆ, ಸುಟ್ಟ ಜಾಗದಲ್ಲಿ ಮಳೆ ಬಿದ್ದ ಮೇಲೆ ಬೇರಿನಿಂದ ಬೇಗನೆ ಚಿಗುರಿಕೊಳ್ಳುವುದು ಅದೇ ಲಂಟಾನ. ಎಳೆಯ ಸಸಿಗಳು ಸತ್ತೇ ಹೋಗಿರುತ್ತವೆ. ಅಲ್ಲದೆ ಇದು ಚಿರತೆ, ಕರಡಿಗಳಿರುವ ಕಾಡು. ಕತ್ತಲಾದ ಮೇಲೆ ಅಲ್ಲಿ ಉಳಿಯುವುದು ಸಾಹಸವಲ್ಲ, ಅವಿವೇಕ.

ಪ್ರಶ್ನೆ: ಕುರುಚಲು ಕಾಡಿನಲ್ಲಿ ಓಡಾಡಿ ಬಂದ ಮೇಲೆ ಕಾಲಿನಲ್ಲಿ ಉಣ್ಣೆ ಕಚ್ಚಿಕೊಂಡಿತ್ತು. ಮಂಗನ ಕಾಯಿಲೆಯ ಭಯವಾಗಿದೆ.
– ಒಬ್ಬ ಓದುಗರು, ಗುಬ್ಬಿ

ಉತ್ತರ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಪತ್ತೆಯಾದ ಆ ಕಾಯಿಲೆ ಇಂದಿಗೂ ಮುಖ್ಯವಾಗಿ ಮಲೆನಾಡಿನ ಜಿಲ್ಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರತಿಯೊಂದು ಉಣ್ಣೆಯೂ ಅದನ್ನು ಹೊತ್ತಿರುವುದಿಲ್ಲ. ಸೀಮೆಎಣ್ಣೆ ಹಚ್ಚುವುದು, ಬೀಡಿಯಿಂದ ಸುಡುವುದು ಬೇಡ. ಚಿಮಟಿಯಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆದು, ಆ ಜಾಗವನ್ನು ಸೋಪಿನಿಂದ ತೊಳೆಯಿರಿ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಇಂಥ ಪೊದೆಗಾಡುಗಳ ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರಕ್ಕೆ ಒಳ್ಳೆಯ ಔಷಧಿಯಿದೆ. ಆದರೆ ವೈದ್ಯರಿಗೆ ಅದರ ಸುಳಿವು ಸಿಗಬೇಕು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡು ನಡೆದರೆ ಅರ್ಧ ಭಯ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಕೃಷ್ಣಮೃಗಗಳನ್ನು ಬಯಲಿನಲ್ಲಿ ನೋಡಲು ನಮ್ಮ ಜಿಲ್ಲೆಯಲ್ಲಿ ಅವಕಾಶವಿದೆಯೇ?
– ಒಬ್ಬ ಓದುಗರು, ಕೊರಟಗೆರೆ

ಉತ್ತರ: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿದೆ. ಅಲ್ಲಿಯ ಸುಮಾರು 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಬೆಳಗ್ಗೆ ಬೇಗ ಅಥವಾ ಸಂಜೆ ಬಿಸಿಲು ತಗ್ಗಿದ ಮೇಲೆ ಹೋಗಿ. ಹಿಂಡು ಹೊಲಗಳಿಗೂ ನುಗ್ಗುವುದರಿಂದ ಸುತ್ತಲಿನ ರೈತರಿಗೆ ಅದರ ಮೇಲೆ ಸಿಟ್ಟಿದ್ದರೆ ಆಶ್ಚರ್ಯಪಡಬೇಕಿಲ್ಲ; ಬೆಳೆ ಇರುವ ಹೊಲಗಳನ್ನು ತುಳಿದುಕೊಂಡು ಹೋಗಿ ಅವರ ಸಿಟ್ಟಿಗೆ ನಿಮ್ಮ ಪಾಲನ್ನೂ ಸೇರಿಸಬೇಡಿ. ಸಾಕುನಾಯಿಯನ್ನು ಮನೆಯಲ್ಲಿಯೇ ಬಿಟ್ಟು ಹೋಗಿ.