ಸೋಯಾ ಇಂಕಿಗಿಂತ ಮೊದಲು ಉಳಿದ ಡಬ್ಬಿ ನೋಡಿ

ಸರ್, ಬೆಳಗಾವಿಯ ನಿಮ್ಮ ಆಫ್‌ಸೆಟ್ ಪ್ರೆಸ್ಸಿಗೆ ಸೋಯಾ ಇಂಕ್ (ಸೋಯಾ ಎಣ್ಣೆ ಹಾಕಿ ಮಾಡಿದ ಮುದ್ರಣದ ಇಂಕ್) ತಂದರೆ ಲಾಭ ಆಗುತ್ತಾ ಅಂತ ಕೇಳಿದ್ದೀರಿ. ಬರೀ ಇಂಕ್ ಬದಲಿಸಿದರೆ ಆಗಲ್ಲ. ನಾವು ವಿಜಯಪುರದಲ್ಲಿ ನುಣುಪಾದ ಆರ್ಟ್ ಪೇಪರ್ ಮೇಲೆ ಲಗ್ನಪತ್ರಿಕೆ ಹೊಡೆದಾಗ ಸೋಯಾ ಇಂಕ್ ಬೇಗ ಒಣಗದೆ ಒಂದರ ಬೆನ್ನಿಗೆ ಇನ್ನೊಂದರ ಬಣ್ಣ ಹತ್ತಿತ್ತು, ಗಿರಾಕಿಯಿಂದ ಬೈಸಿಕೊಂಡಿದ್ದು ಬೇರೆ. ಸಾದಾ ಕಾಗದಕ್ಕೆ ಅಷ್ಟು ತೊಂದರೆ ಇಲ್ಲ, ಅಮೆರಿಕದಲ್ಲಿ 1987ರಲ್ಲೇ ಸೋಯಾ ಇಂಕಿನಿಂದ ದಿನಪತ್ರಿಕೆ ಮುದ್ರಿಸಿದ್ದಾರೆ. ದುಡ್ಡು ಉಳಿಯೋದು ಉಳಿಕೆ ಇಂಕಿನಲ್ಲಿ ನೋಡಿ. ಕೆನೆ ಕಟ್ಟಿದ ಡಬ್ಬಿ ಸುಮ್ನೆ ಎಸೆಯಬೇಡಿ, ಕೆನೆ ತೆಗೆದು ಒಂದೇ ಜಾತಿಯ ಕರಿ ಇಂಕಿಗೆ ಕೂಡಿಸಿ, ಕರಪತ್ರಕ್ಕೆ ಸಾಕು. ಕುಂದಾ ಸಿಹಿಯ ಬಾಕ್ಸಿನ ಆರ್ಡರ್ ಬಂದರೆ ಮಾತ್ರ ಟೊಲ್ಯೂಯಿನ್ (ಒಂದು ವಿಷಕಾರಿ ದ್ರಾವಕ) ಇಲ್ಲದ ಇಂಕನ್ನೇ ತಗೊಳ್ಳಿ, ತಿನಿಸಿನ ಪ್ಯಾಕಿಂಗಿಗೆ ಬಳಸುವ ಇಂಕಿನ ಬಗ್ಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಮಾಡಿದ ಮಾನದಂಡ ಐಎಸ್ 15495 ಕೂಡ ಅದನ್ನೇ ಹೇಳುತ್ತದೆ. ಇಂಕ್ ಮಾರುವವರಿಂದ ಹಾಗಂತ ಪತ್ರ ಬರೆಸಿಕೊಳ್ಳಿ, ಅದನ್ನು ತೋರಿಸಿಯೇ ಕುಂದಾ ಅಂಗಡಿಯವರ ಹತ್ತಿರ ರೇಟ್ ಮಾತಾಡಿ.